ಹಿಂಬದಿ ಸುರುಳಿ ಸ್ಪ್ರಿಂಗಿನ ದೋಷಗಳು: ಆಳಂದ, ಅಫಜಲಪುರ, ಜೇವರ್ಗಿ ಸೀಮೆ

ಹೊಲ, ಹಳ್ಳ, ಗರಸಿನ ದಾರಿಗಳಲ್ಲಿ ಓಡಾಡುವ ಗಾಡಿಯ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಕೂತು ಭಾರ ಹೊರುವ ಉಕ್ಕಿನ ಸುರುಳಿಗೆ ಹಿಂಬದಿ ಸುರುಳಿ ಸ್ಪ್ರಿಂಗ್ ಎನ್ನುತ್ತಾರೆ. ಗಾಡಿ ಹಿಂದಕ್ಕೆ ಕುಸಿಯುವುದು, ಒಂದು ಮಗ್ಗುಲಿಗೆ ವಾಲುವುದು, ಗುಂಡಿ ದಾಟುವಾಗ ಧಡ್ಡೆಂದು ತಳ ಹೊಡೆಯುವುದು, ಸುರುಳಿ ಮುರಿಯುವುದು ಅಥವಾ ತನ್ನ ಕೂರುಬಟ್ಟಲಿನಿಂದ ಜಾರಿ ಹೋಗುವುದು ಇದಕ್ಕೆ ಸಂಬಂಧಿಸಿದ ಮುಖ್ಯ ತೊಂದರೆಗಳು. ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಅಂಚಿನ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನೆಲ, ಬೆಳೆ, ಸಾಗಾಟದ ರೀತಿ ಇವನ್ನೆಲ್ಲ ಗಮನಿಸಿದರೆ ಸ್ಪ್ರಿಂಗನ್ನು ದೂರುವುದು ಕೊನೆಯ ಮಾತಾಗಬೇಕೇ ಹೊರತು ಮೊದಲ ಮಾತಲ್ಲ. ಭಾರ, ಎರೆಮಣ್ಣು, ಸವೆದ ಬುಷ್ಷು, ಸತ್ತ ಶಾಕ್ ಅಬ್ಸಾರ್ಬರ್ ಇವುಗಳ ತಪ್ಪನ್ನು ಒಳ್ಳೆಯ ಸ್ಪ್ರಿಂಗು ತನ್ನ ತಲೆಯ ಮೇಲೆ ಹಾಕಿಕೊಳ್ಳುವುದುಂಟು.

ನೆಲ ಮತ್ತು ಹೊರೆ

ಆಳಂದ, ಅಫಜಲಪುರಗಳ ಬಹುಭಾಗ ದಖ್ಖನ್ ಲಾವಾ ಶಿಲೆಯ ಮೇಲೆ ಹರಡಿದ ಎರೆಭೂಮಿ. ಜೇವರ್ಗಿಯ ಕಡೆ ಬಂದರೆ ಎರೆಯ ಅಡಿಯಲ್ಲಿ ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರಗಳೂ ಸಿಗುತ್ತವೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಹೊಲದ ದಾರಿ ರಾಡಿಯಾಗಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಬೇಸಿಗೆಗೆ ಅದೇ ರಾಡಿಯಲ್ಲಿ ಟ್ರ್ಯಾಕ್ಟರು ಕೊರೆದ ಜಾಡು ಕಲ್ಲಿನಂತೆ ಗಟ್ಟಿಯಾಗಿ ನಿಲ್ಲುತ್ತದೆ. ಡಾಂಬರು ರಸ್ತೆಯೂ ಈ ಆಟದಿಂದ ತಪ್ಪಿಸಿಕೊಂಡಿಲ್ಲ. ಅಡಿಯ ಮಣ್ಣು ವರ್ಷವರ್ಷವೂ ಏರಿ ಇಳಿಯುವುದರಿಂದ, ಗುಂಡಿಯೇ ಇಲ್ಲದ ರಸ್ತೆಯಲ್ಲೂ ಉದ್ದುದ್ದನೆಯ ಏರಿಳಿತಗಳು ಮೂಡುತ್ತವೆ. ಹಿಂದಿನ ಸ್ಪ್ರಿಂಗಿನ ನಿಜವಾದ ಪರೀಕ್ಷೆ ನಡೆಯುವುದು ಚೂಪು ಗುಂಡಿಯಲ್ಲಿ ಅಲ್ಲ, ಈ ಅಲೆಗಳ ಮೇಲೆ. ಕಾರಣ ಮುಂದೆ ಬರುತ್ತದೆ.

ಹೊರೆಯ ಕತೆ ಬೇರೆ. ಇದು ತೊಗರಿಯ ಸೀಮೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮುಂಗಾರಿಗೆ ಬೀಜ, ಗೊಬ್ಬರದ ಚೀಲ, ಚಳಿಗಾಲಕ್ಕೆ ರಾಶಿಯಾದ ತೊಗರಿ, ಭೀಮೆಯ ದಂಡೆಯ ಊರುಗಳಲ್ಲಿ ಕಬ್ಬಿನ ಬೀಜದ ತುಂಡು, ನೀರೆತ್ತುವ ಮೋಟರು, ಪೈಪು. ಇದರ ಮೇಲೆ ಜಾತ್ರೆ ಮತ್ತು ಯಾತ್ರೆ: ಭೀಮಾ–ಅಮರ್ಜಾ ಸಂಗಮದ ದೇವಲ ಗಾಣಗಾಪುರ, ಭಾಗ್ಯವಂತಿಯ ಘತ್ತರಗಿ, ಆಳಂದದ ಲಾಡ್ಲೆ ಮಶಾಯಕರ ದರ್ಗಾ. ಅಮಾವಾಸ್ಯೆ, ಹುಣ್ಣಿಮೆ, ಉರುಸಿನ ದಿನಗಳಲ್ಲಿ ಏಳು ಸೀಟಿನ ಗಾಡಿಯಲ್ಲಿ ಏಳೇ ಜನ ಇರುತ್ತಾರೆಂದು ಯಾರೂ ನಂಬುವುದಿಲ್ಲ.

ಈ ಹೊರೆಯನ್ನು ಬಹುಕಾಲ ಹೊತ್ತದ್ದು ಪಟ್ಟಿ ಸ್ಪ್ರಿಂಗಿನ ಗಾಡಿಗಳು. 2000ದಲ್ಲಿ ಬಂದ ಮಹೀಂದ್ರ ಬೊಲೆರೊ, ಅದರ ಪಿಕಪ್, ಫೋರ್ಸ್ ಟ್ರಾಕ್ಸ್ ಕ್ರೂಸರ್, 2010ರ ಮೊದಲ ಥಾರ್ ಎಲ್ಲದರ ಹಿಂಬದಿಯಲ್ಲೂ ಇರುವುದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು. ಸುರುಳಿ ಸ್ಪ್ರಿಂಗು ಇನ್ನೊಂದು ಸಾಲಿನಲ್ಲಿ ಬಂತು: 1998ರ ಟಾಟಾ ಸಫಾರಿ, ಅದರ ಬಳಿಕ ಸ್ಕಾರ್ಪಿಯೊ, 2005ರ ಇನ್ನೋವಾ, 2020ರ ಎರಡನೆಯ ತಲೆಮಾರಿನ ಥಾರ್, 2021ರ ಹೊಸ ಗೂರ್ಖಾ, 2022ರ ಸ್ಕಾರ್ಪಿಯೊ–ಎನ್, 2023ರ ಜಿಮ್ನಿ, 2024ರ ಥಾರ್ ರಾಕ್ಸ್. ಇವುಗಳಲ್ಲಿ ಕೂತವರಿಗೆ ಸುಖ ಹೆಚ್ಚು, ಕೆಟ್ಟ ದಾರಿಯಲ್ಲಿ ಗಾಲಿ ನೆಲ ಬಿಡುವುದು ಕಡಿಮೆ. ಆದರೆ ಪಟ್ಟಿಯ ಗಾಡಿಗೆ ಹಚ್ಚುತ್ತಿದ್ದ ಕೆಲಸವನ್ನೇ ಸುರುಳಿಯ ಗಾಡಿಗೂ ಹಚ್ಚಿದಾಗ ಈ ಲೇಖನದ ವಿಷಯ ಹುಟ್ಟುತ್ತದೆ.

ತಯಾರಕರಿಗೆ ಇದು ಹೊಸ ಸಮಸ್ಯೆಯಲ್ಲ. ಉದ್ದ ಚಲನೆಯ ಮೆತ್ತನೆಯ ಸುರುಳಿಗಳನ್ನು ನಾಲ್ಕೂ ಗಾಲಿಗೆ ಹಾಕಿ 1970ರಲ್ಲಿ ರೇಂಜ್ ರೋವರ್ ಹೊರಬಂದಾಗ, ಭಾರ ಬಿದ್ದರೆ ಹಿಂಬದಿ ಕುಸಿಯುತ್ತದೆಂದು ಗೊತ್ತಿದ್ದ ವಿನ್ಯಾಸಕಾರರು ಹಿಂದಿನ ಆಕ್ಸಲ್ಲಿನ ಮೇಲೆ ಎತ್ತರವನ್ನು ತಾನೇ ಸರಿಪಡಿಸಿಕೊಳ್ಳುವ ಒಂದು ಹೈಡ್ರಾಲಿಕ್ ಘಟಕವನ್ನು ಕೂಡಿಸಿದ್ದರು. ನಮ್ಮ ಹಳ್ಳಿಗಾಡಿನಲ್ಲಿ ಓಡುವ ಗಾಡಿಗಳಲ್ಲಿ ಅಂಥದ್ದಿಲ್ಲ.

ಸುರುಳಿ ಕೆಲಸ ಮಾಡುವ ಬಗೆ

ಸುರುಳಿಯನ್ನು ಒತ್ತಿದಾಗ ಅದರ ತಂತಿ ಬಾಗುವುದಿಲ್ಲ, ತಿರುಚಿಕೊಳ್ಳುತ್ತದೆ. ಹೊರೆಗೆ ತಕ್ಕಷ್ಟೇ ಕುಗ್ಗುತ್ತದೆ ಎಂಬುದು 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮ. ಎಷ್ಟು ಬಿಗಿ ಎಂಬುದನ್ನು ನಿರ್ಧರಿಸುವುದು ಮೂರು ಅಳತೆ. ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಬಿಗಿ ಹೆಚ್ಚುತ್ತದೆ. ಸುರುಳಿಯ ವ್ಯಾಸದ ಮೂರನೆಯ ಘಾತಕ್ಕೆ ತಗ್ಗುತ್ತದೆ. ಕೆಲಸ ಮಾಡುವ ಸುತ್ತುಗಳ ಸಂಖ್ಯೆ ಏರಿದಷ್ಟೂ ಇಳಿಯುತ್ತದೆ. ಉಕ್ಕು ಯಾವುದೆಂಬುದು ಬಿಗಿಯ ವಿಷಯದಲ್ಲಿ ಹೆಚ್ಚು ವ್ಯತ್ಯಾಸ ಮಾಡುವುದಿಲ್ಲ, ಏಕೆಂದರೆ ಸ್ಪ್ರಿಂಗಿಗೆ ಬಳಸುವ ಎಲ್ಲ ಉಕ್ಕುಗಳ ತಿರುಚು ಗುಣಾಂಕವೂ ಹೆಚ್ಚುಕಡಿಮೆ 79 ಗಿಗಾಪ್ಯಾಸ್ಕಲ್. ಸಿಲಿಕಾನ್ ಅಥವಾ ಕ್ರೋಮ್–ವೆನೇಡಿಯಮ್ ಬೆರೆಸಿದ ಉಕ್ಕನ್ನು ಆರಿಸುವುದು ಬಾಳಿಕೆಗಾಗಿ.

ತುಕ್ಕಿನ ಅಪಾಯ ಇಲ್ಲೇ ಅಡಗಿದೆ. 14 ಮಿ.ಮೀ. ತಂತಿ ತುಕ್ಕು ತಿಂದು ಸುತ್ತಲೂ ಬರೀ ಅರ್ಧ ಮಿಲಿಮೀಟರ್ ಕಳೆದುಕೊಂಡು 13 ಮಿ.ಮೀ. ಆದರೆ ಬಿಗಿ ಸುಮಾರು ಶೇ 26ರಷ್ಟು ಬೀಳುತ್ತದೆ, ಅದೇ ಹೊರೆಗೆ ತಂತಿಯೊಳಗಿನ ಒತ್ತಡ ಶೇ 25ರಷ್ಟು ಏರುತ್ತದೆ. ಸುರುಳಿಯ ಒಳಮೈಯಲ್ಲಿ ಒತ್ತಡ ಯಾವಾಗಲೂ ಹೊರಮೈಗಿಂತ ಹೆಚ್ಚು. ಸುರುಳಿಯ ವ್ಯಾಸ ತಂತಿಯ ದಪ್ಪದ ಎಂಟರಷ್ಟಿದ್ದರೆ ಸರಳ ಲೆಕ್ಕಕ್ಕಿಂತ ಶೇ 18ರಷ್ಟು ಜಾಸ್ತಿ. ಬಿರುಕು ಹುಟ್ಟುವುದು ಅಲ್ಲಿಯೇ. ಹೊರಗಿನಿಂದ ಬಟ್ಟೆ ಆಡಿಸಿ ನೋಡಿದವರಿಗೆ ಅದು ಕಾಣುವುದಿಲ್ಲ.

ಈಗ ಹೊರೆಯ ಲೆಕ್ಕ. ಮಾದರಿಗೆ ಒಂದು ಗಾಡಿಯ ಹಿಂದಿನ ಪ್ರತಿ ಸುರುಳಿಯ ಬಿಗಿ ಮಿಲಿಮೀಟರಿಗೆ 30 ನ್ಯೂಟನ್ ಎಂದುಕೊಳ್ಳೋಣ, ಎರಡೂ ಸೇರಿ 60. ಖಾಲಿ ಇದ್ದಾಗ ಸುರುಳಿ 120 ಮಿ.ಮೀ. ಕುಗ್ಗಿ ನಿಂತಿದೆ, ಆಕ್ಸಲ್ಲಿನ ಏರಿಕೆಗೆ ಕೊನೆಯ ತಡೆಯಾದ ಬಂಪ್ ಸ್ಟಾಪಿಗೆ ಇನ್ನೂ 90 ಮಿ.ಮೀ. ಜಾಗ ಉಳಿದಿದೆ. ಡಿಕ್ಕಿಯಲ್ಲಿ 50 ಕಿಲೋದ ಆರು ಡಿಎಪಿ ಚೀಲ ಹಾಕಿದರೆ 300 ಕಿಲೋ. ಚೀಲಗಳು ಹಿಂದಿನ ಆಕ್ಸಲ್ಲಿಗಿಂತ ಅರ್ಧ ಮೀಟರ್ ಹಿಂದಿವೆ, ಮುಂದಿನ–ಹಿಂದಿನ ಗಾಲಿಗಳ ನಡುವಿನ ಅಂತರ 2.7 ಮೀಟರ್ ಎಂದರೆ ಹಿಂದಿನ ಆಕ್ಸಲ್ಲಿನ ಮೇಲೆ ಬೀಳುವುದು 300 ಅಲ್ಲ, 355 ಕಿಲೋ. ಹೆಚ್ಚಿನ 55 ಕಿಲೋ ಮುಂದಿನ ಗಾಲಿಗಳಿಂದ ಎತ್ತಿ ತಂದದ್ದು. ಗಾಡಿ 58 ಮಿ.ಮೀ. ಇಳಿಯಿತು, ಬಂಪ್ ಸ್ಟಾಪಿಗೆ 32 ಉಳಿಯಿತು. ಹೊಲದ ಒಡ್ಡು ದಾಟಿದೊಡನೆ ಧಡ್ ಎನ್ನದೆ ಇನ್ನೇನಾದೀತು? ಆದರೂ ಸ್ಪ್ರಿಂಗಿನಲ್ಲಿ ಲೇಶ ದೋಷವಿಲ್ಲ.

ಅದೇ ಹೊರೆಯಲ್ಲಿ ಹಿಂಬದಿ ತೂಗುವ ಗತಿ ಸೆಕೆಂಡಿಗೆ 1.44 ಸಲದಿಂದ 1.18 ಸಲಕ್ಕೆ ಇಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ, ಸುಮಾರು 14 ಮೀಟರಿಗೊಂದು ಏರಿಳಿತವಿರುವ ರಸ್ತೆ ಸರಿಯಾಗಿ ಈ ಗತಿಗೆ ಕೂಡಿ ಗಾಡಿಯನ್ನು ಮೇಲೆ ಕೆಳಗೆ ತೂಗುತ್ತದೆ. ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಮೂರನೆಯ ಅಲೆಗೆ ತಳ ಹೊಡೆಯುತ್ತದೆ. ವೇಗವನ್ನು 40ಕ್ಕೆ ಇಳಿಸಿದರೆ ರಸ್ತೆಯ ಗತಿ ಸೆಕೆಂಡಿಗೆ 0.8ರ ಆಸುಪಾಸಿಗೆ ಬಂದು ತೂಗಾಟ ತಗ್ಗುತ್ತದೆ. ಎರೆಯ ಮೇಲೆ ಹಾಸಿದ ರಸ್ತೆಯಲ್ಲಿ ತುಂಬಿದ ಗಾಡಿಯನ್ನು ಹಳೆಯ ಚಾಲಕರು ನಿಧಾನ ಓಡಿಸುವುದಕ್ಕೆ ಭೌತಶಾಸ್ತ್ರದ ಬೆಂಬಲವೂ ಇದೆ.

ಎರೆಮಣ್ಣು ಸುರುಳಿಗೆ ಮಾಡುವುದೇನು

ರಾಡಿಯಲ್ಲಿ ಓಡಿದ ಗಾಡಿಯ ಹಿಂದಿನ ಸುರುಳಿಯ ಕೆಳಬಟ್ಟಲಿನಲ್ಲಿ ಮಣ್ಣು ಗಿಡಿದು ತುಂಬುತ್ತದೆ. ನೀರು ಇಳಿಯಲೆಂದು ಬಟ್ಟಲಿಗೆ ಇಟ್ಟ ರಂಧ್ರ ಮೊದಲು ಮುಚ್ಚಿಹೋಗುತ್ತದೆ. ಕೆಂಪು ಮಣ್ಣಾದರೆ ಒಣಗಿ ಉದುರೀತು; ಎರೆ ಹಾಗಲ್ಲ, ಹೊರಗೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅದರೊಳಗೆ ಸಿಕ್ಕ ಸಣ್ಣ ಹರಳುಗಳು, ಸುರುಳಿ ಅದುಮಿ ಬಿಟ್ಟಾಗಲೆಲ್ಲ, ತಂತಿಯ ಮೇಲಿನ ಬಣ್ಣದ ಲೇಪವನ್ನು ಕೆರೆಯುತ್ತವೆ. ಲೇಪ ಹೋದ ಕಡೆ ತುಕ್ಕು ಚುಕ್ಕಿ ಚುಕ್ಕಿಯಾಗಿ ಆಳಕ್ಕಿಳಿಯುತ್ತದೆ, ಅದೇ ಚುಕ್ಕಿ ಬಿರುಕಿನ ಬೀಜವಾಗುತ್ತದೆ. ಸುರುಳಿಗಳು ಸಾಮಾನ್ಯವಾಗಿ ಕೆಳತುದಿಯಿಂದ ಮೊದಲ ಸುತ್ತಿನೊಳಗೆ, ಅಂದರೆ ಬಟ್ಟಲನ್ನು ಮುಟ್ಟಿ ಬಿಡುವ ಜಾಗದ ಆಸುಪಾಸಿನಲ್ಲಿ, ಮುರಿಯುವುದು ಈ ಕಾರಣಕ್ಕೆ.

ಇನ್ನೊಂದು ಬಗೆಯ ತೊಂದರೆ ಬೇಸಿಗೆಯಲ್ಲಿ. ಕೆಳಗಿನ ಒಂದೆರಡು ಸುತ್ತುಗಳ ನಡುವೆ ಗಟ್ಟಿಯಾದ ಮಣ್ಣು ಆ ಸುತ್ತುಗಳನ್ನು ಕೆಲಸ ಮಾಡಗೊಡುವುದಿಲ್ಲ. ಗಾಡಿ ಇದ್ದಕ್ಕಿದ್ದಂತೆ ಒರಟಾಯಿತು, ಒಂದು ಬದಿ ಎತ್ತರ ಕಾಣುತ್ತಿದೆ ಎಂದು ಬರುವ ದೂರುಗಳಲ್ಲಿ ಇದನ್ನು ಮೊದಲು ನೋಡಬೇಕು. ಮದ್ದು ಸೋವಿ: ಗಾಡಿಯ ಒಳಬದಿಯಿಂದ, ಮುಂದಿನಿಂದ ಹಿಂದಕ್ಕೆ, ಬಟ್ಟಲಿನೊಳಕ್ಕೆ ನೀರು ಹೊಡೆದು ತೊಳೆಯುವುದು, ರಂಧ್ರಕ್ಕೆ ತಂತಿ ತೂರಿಸಿ ಬಿಡಿಸುವುದು. ಗಾಡಿ ತೊಳೆಯುವ ಅಂಗಡಿಗಳಲ್ಲಿ ಹೊರಮೈಗೆ ನೊರೆ ಹಚ್ಚುವಷ್ಟು ಶ್ರದ್ಧೆ ಇಲ್ಲಿಗೆ ಸಿಗುವುದು ಅಪರೂಪ. ಮಾಲೀಕನೇ ಬಗ್ಗಿ ನೋಡುವುದು ಲೇಸು.

ಇಲ್ಲಿನ ಬಿಸಿಲಿಗೆ ಸ್ಪ್ರಿಂಗು ಮೆತ್ತಗಾಗುತ್ತದೆ ಎನ್ನುವ ಮಾತೊಂದು ಚಾಲ್ತಿಯಲ್ಲಿದೆ. ಏಪ್ರಿಲ್–ಮೇ ತಿಂಗಳಲ್ಲಿ ಈ ಸೀಮೆಯ ಉಷ್ಣಾಂಶ 42–43 ಡಿಗ್ರಿ ಮುಟ್ಟುವುದು ನಿಜ, ಆದರೆ ಹದಗೊಳಿಸಿದ ಸ್ಪ್ರಿಂಗ್ ಉಕ್ಕಿಗೆ ಅದು ಲೆಕ್ಕಕ್ಕಿಲ್ಲ. ಸುರುಳಿ ನಿಧಾನಕ್ಕೆ ಎತ್ತರ ಕಳೆದುಕೊಳ್ಳುವುದು ಮಿತಿಮೀರಿದ ಹೊರೆಯನ್ನು ಮತ್ತೆ ಮತ್ತೆ, ದಿನಗಟ್ಟಲೆ ಹೊತ್ತು ನಿಂತಾಗ. ತೊಗರಿ ಚೀಲ ತುಂಬಿಸಿ, ಮಾರುಕಟ್ಟೆಯ ದರ ಏರಲೆಂದು ವಾರ ನಿಲ್ಲಿಸಿದ ಗಾಡಿಯಲ್ಲಿ ಆಗುವ ಹಾನಿ ಬಿಸಿಲಿನದಲ್ಲ.

ದೋಷ ಹುಡುಕುವ ಕ್ರಮ

ಮೊದಲ ಹೆಜ್ಜೆ ಕಾಟಾ. ಸಕ್ಕರೆ ಕಾರ್ಖಾನೆ, ದಾಲ್‌ಮಿಲ್ಲುಗಳಿರುವ ಈ ಸೀಮೆಯಲ್ಲಿ ವಾಹನ ತೂಗುವ ಕಾಟಾ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಿತ್ಯದ ಹೊರೆಯೊಂದಿಗೆ ಹಿಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ ತೂಗಿ, ತಯಾರಕರು ಹಿಂದಿನ ಆಕ್ಸಲ್ಲಿಗೆ ಗೊತ್ತುಮಾಡಿದ ಮಿತಿಯೊಂದಿಗೆ ಹೋಲಿಸಬೇಕು. ತೂಕ ಮಿತಿ ಮೀರಿದ್ದರೆ ಮುಂದಿನ ತನಿಖೆಯೇ ಬೇಡ. ಹೊಸ ಸ್ಪ್ರಿಂಗು ಹಾಕಿದರೂ ದೂರು ಮರಳಿ ಬರುತ್ತದೆ.

ತೂಕ ಸರಿ ಇದ್ದರೆ ಎತ್ತರದ ಅಳತೆ. ನಾಲ್ಕೂ ಟೈರಿನ ಗಾಳಿ ಸರಿ ಮಾಡಿ, ಒಂದೇ ಅಳತೆಯ ಟೈರುಗಳಿವೆಯೇ ನೋಡಿ, ಡಿಕ್ಕಿ ಖಾಲಿ ಮಾಡಿ ಸಮನೆಲದಲ್ಲಿ ನಿಲ್ಲಿಸಬೇಕು. ಸಮನೆಲ ಎಂಬುದು ಹೇಳಿದಷ್ಟು ಸುಲಭದ ವಸ್ತುವಲ್ಲ. ಪೆಟ್ರೋಲ್ ಬಂಕಿನ ಕಾಂಕ್ರೀಟೂ ನೀರು ಹರಿಯಲೆಂದು ಓರೆಯಾಗಿರುತ್ತದೆ. ಗೌಂಡಿಗಳ ನೀರಿನ ಟ್ಯೂಬಿನಿಂದ ನಾಲ್ಕು ಗಾಲಿಯಡಿಯ ಮಟ್ಟ ನೋಡಿ, ತಗ್ಗಿದ ಕಡೆ ಶಹಾಬಾದ್ ಕಲ್ಲಿನ ಚೂರು ಹಾಸಿಕೊಂಡರೆ ಅಳತೆ ನಂಬುವಂತಾಗುತ್ತದೆ. ಗಾಡಿಯನ್ನು ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ, ಬ್ರೇಕ್ ಒತ್ತದೆ ನಿಲ್ಲಲು ಬಿಟ್ಟು, ಗಾಲಿಯ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿಯಬೇಕು. ನೆಲದಿಂದ ಅಳೆದರೆ ಟೈರಿನ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಎಡಬಲಗಳ ನಡುವೆ ಐದಾರು ಮಿಲಿಮೀಟರ್ ಅಂತರ ಹೊಸ ಗಾಡಿಯಲ್ಲೂ ಇರಬಹುದು, 15 ಮಿ.ಮೀ. ದಾಟಿದರೆ ಕಾರಣ ಹುಡುಕಬೇಕು.

ವಾಲಿದ ಬದಿಯ ಹಿಂದಿನ ಸುರುಳಿಯೇ ಸೋತಿದೆ ಎಂದು ಇಲ್ಲಿಗೇ ತೀರ್ಮಾನಿಸುವುದು ದೊಡ್ಡ ತಪ್ಪು. ಚಾಸಿ ಗಟ್ಟಿಯಾದ ಚೌಕಟ್ಟು. ಮುಂದಿನ ಒಂದು ಮೂಲೆ ಕುಸಿದರೂ ಹಿಂದೆ ವಾಲಿದಂತೆ ಕಾಣುತ್ತದೆ. ಇದನ್ನು ಬೇರ್ಪಡಿಸುವ ಉಪಾಯ: ಮುಂಭಾಗದ ಅಡ್ಡ ತೊಲೆಯ ಸರಿಯಾಗಿ ನಟ್ಟನಡುವೆ ಒಂದೇ ಜಾಕ್ ಇಟ್ಟು, ಮುಂದಿನ ಗಾಲಿಗಳು ನೆಲ ಬಿಡುವಷ್ಟು ಮಾತ್ರ ಎತ್ತುವುದು; ಈ ಹೊತ್ತಿನಲ್ಲಿ ಗಾಡಿಯ ಕೆಳಗೆ ಯಾರೂ ಇರಬಾರದು. ಈಗ ಮುಂಭಾಗ ಒಂದೇ ಬಿಂದುವಿನ ಮೇಲೆ ನಿಂತಿರುವುದರಿಂದ ಎಡಬಲದ ಸಮತೋಲ ಹಿಂದಿನ ಸುರುಳಿಗಳ ಕೈಯಲ್ಲಷ್ಟೇ ಇರುತ್ತದೆ. ವಾಲಿಕೆ ಹಾಗೇ ಉಳಿದರೆ ದೋಷ ಹಿಂದೆ, ಮಾಯವಾದರೆ ಮುಂದೆ. ಹಿಂದೆಯೇ ಎಂದಾದರೆ ಎಡಬಲದ ಸುರುಳಿಗಳನ್ನು ಅದಲುಬದಲು ಮಾಡುವುದು ಕೊನೆಯ ಪರೀಕ್ಷೆ: ವಾಲಿಕೆಯೂ ಬದಿ ಬದಲಿಸಿದರೆ ಸುರುಳಿಯೇ ತಪ್ಪಿತಸ್ಥ, ಬದಲಿಸದಿದ್ದರೆ ಬಟ್ಟಲು, ಚಾಸಿಯ ಬ್ರಾಕೆಟ್ಟು ಅಥವಾ ಹಳೆಯ ಅಪಘಾತದ ಬಾಗು. ಕೆಲವು ಗಾಡಿಗಳಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಬಿಡಿಭಾಗ ಸಂಖ್ಯೆಯ ಸುರುಳಿಗಳಿರುವುದರಿಂದ ಬಿಚ್ಚುವ ಮುನ್ನ ಅದನ್ನು ತಿಳಿದಿರಬೇಕು.

ಸದ್ದು ಇನ್ನೊಂದು ಸಾಕ್ಷಿ, ಆದರೆ ಪೂರ್ತಿ ನಂಬಲು ಬಾರದ ಸಾಕ್ಷಿ. ಹಳ್ಳಕ್ಕಿಳಿಯುವಾಗ ಒಂದೇ ಸಲ ಬರುವ ಗಡಸು ಧಡ್ ಬಂಪ್ ಸ್ಟಾಪಿನದು. ನಿಧಾನಕ್ಕೆ ತಿರುಗುವಾಗ ಅಥವಾ ಓರೆಯಾಗಿ ಒಡ್ಡು ಹತ್ತುವಾಗ ಟಣ್ ಎಂದು ಒಂದೇ ಸದ್ದು ಬಂದರೆ ಮುರಿದ ಸುರುಳಿಯ ತುದಿ ಬಟ್ಟಲಿನಲ್ಲಿ ಹೊರಳುತ್ತಿರಬಹುದು. ಸಣ್ಣ ಕಲ್ಲಿನ ದಾರಿಯಲ್ಲಿ ಬಿಡದೆ ಕಟಕಟ ಎನ್ನುವುದು ಬಹುತೇಕ ಸ್ಟೆಬಿಲೈಸರ್ ಕೊಂಡಿಯದ್ದು ಅಥವಾ ಶಾಕ್ ಅಬ್ಸಾರ್ಬರಿನ ಬುಷ್ಷಿನದು. ಮಳೆ ಬಂದಾಗ ನಿಂತು ಒಣಗಿದಾಗ ಮರಳುವ ಕಿರ್ ಸದ್ದು ರಬ್ಬರಿನದು. ಸುರುಳಿಗೂ ಬಟ್ಟಲಿಗೂ ನಡುವಿನ ರಬ್ಬರ್ ಹಾಸು ಹರಿದು ಉಕ್ಕು ಉಕ್ಕನ್ನು ಮುಟ್ಟುತ್ತಿದೆಯೇ ನೋಡಬೇಕು.

ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗಿನ ಕೆಲಸವನ್ನು ಒಂದಾಗಿಸಿ ಹೇಳುವ ರೂಢಿಯೂ ಗೊಂದಲಕ್ಕೆ ಕಾರಣ. ಗಾಡಿಯ ಎತ್ತರ ಸ್ಪ್ರಿಂಗಿನ ಹೊಣೆ. ತೂಗಾಟವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಹೊಣೆ. ಕುಸಿದ ಗಾಡಿಗೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿದರೆ ಅದು ಮೇಲೇಳುವುದಿಲ್ಲ, ಕುಣಿಯುವ ಗಾಡಿಗೆ ಹೊಸ ಸ್ಪ್ರಿಂಗು ಹಾಕಿದರೆ ಕುಣಿತ ನಿಲ್ಲುವುದಿಲ್ಲ. ಹಿಂಭಾಗವನ್ನು ಕೈಯಿಂದ ಒತ್ತಿ ಬಿಟ್ಟಾಗ ಒಂದು ಸಲ ಮೇಲೆದ್ದು ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ, ಅಥವಾ ಕೊಳವೆಯ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ, ಸ್ಪ್ರಿಂಗಿನ ಮಾತು ಆಮೇಲೆ.

ಗಾಡಿ ಒಂದು ಬದಿಗೆ ಸರಿದು ಓಡುತ್ತಿದೆ, ಹಿಂದಿನಿಂದ ನೋಡಿದರೆ ಒಂದು ಗಾಲಿ ಹೊರಗೆ ಚಾಚಿದೆ ಎಂಬ ದೂರು ಸುರುಳಿಯ ಗಾಡಿಗಳಿಗೇ ವಿಶೇಷವಾದದ್ದು. ಪಟ್ಟಿ ಸ್ಪ್ರಿಂಗು ಭಾರವನ್ನೂ ಹೊತ್ತು ಆಕ್ಸಲ್ಲನ್ನೂ ಹಿಡಿದಿಡುತ್ತದೆ. ಸುರುಳಿಗೆ ಹಿಡಿಯುವ ಶಕ್ತಿಯಿಲ್ಲ. ಆ ಕೆಲಸಕ್ಕೆ ಉದ್ದುದ್ದನೆಯ ತೋಳುಗಳೂ ಅಡ್ಡಲಾಗಿ ಪ್ಯಾನ್‌ಹಾರ್ಡ್ ಸಲಾಕೆಯೂ ಬೇಕು. ಈ ಸಲಾಕೆ ಒಂದು ತುದಿಯಲ್ಲಿ ಚಾಸಿಗೂ ಇನ್ನೊಂದರಲ್ಲಿ ಆಕ್ಸಲ್ಲಿಗೂ ಬಿಗಿದಿರುವುದರಿಂದ, ಗಾಡಿ ಕುಸಿದರೂ ಎತ್ತರವಾದರೂ ಆಕ್ಸಲ್ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಸ್ಕಾರ್ಪಿಯೊ–ಎನ್ ಮತ್ತು ಥಾರ್ ರಾಕ್ಸ್‌ನಲ್ಲಿ ಈ ಸರಿತವನ್ನು ತಪ್ಪಿಸಲೆಂದೇ ವಾಟ್ ಕೊಂಡಿ ಬಳಸಿದ್ದಾರೆ. ಸಲಾಕೆಯ ಬುಷ್ಷು ಸವೆದರೆ ಹಿಂಬದಿ ಅಲುಗಾಡುತ್ತದೆ, ಟೈರು ಅಸಮವಾಗಿ ಸವೆಯಬಹುದು, ಆದರೂ ದೂರು ಬರುವುದು ಕಣ್ಣಿಗೆ ಕಾಣುವ ಸುರುಳಿಯ ಮೇಲೆ.

ಮುರಿದ ಸುರುಳಿ ಸಿಕ್ಕರೆ ಅದನ್ನು ಗುಜರಿಗೆ ಎಸೆಯುವ ಮುನ್ನ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ಭಾಗ ನುಣ್ಣಗೆ, ಹಳೆಯ ತುಕ್ಕಿನ ಬಣ್ಣದಲ್ಲಿದ್ದು ಉಳಿದದ್ದು ಹೊಳೆಯುವ ಒರಟು ಮುಖವಾಗಿದ್ದರೆ ಬಿರುಕು ಬಹುದಿನದಿಂದ ಬೆಳೆಯುತ್ತಿತ್ತು. ಜೊತೆಯ ಸುರುಳಿಯೂ ಅದೇ ದಾರಿಯಲ್ಲಿದೆ. ಪೂರ್ತಿ ಮುಖ ಹೊಸದಾಗಿ ಒರಟಾಗಿದ್ದರೆ ಒಂದೇ ಏಟಿಗೆ ಮುರಿದದ್ದು.

ಸುರುಳಿ ಜಾರುವುದು ಅಪರೂಪ, ಆದರೆ ಕಂಡವರಿಗೆ ಮರೆಯದು. ಜಿಮ್ನಿಯಂಥ ಗಾಡಿಗಳಲ್ಲಿ ಸುರುಳಿ ಒಂದು ಕಡೆ, ಶಾಕ್ ಅಬ್ಸಾರ್ಬರ್ ಇನ್ನೊಂದು ಕಡೆ ಇರುತ್ತದೆ. ಗಾಲಿ ಹಳ್ಳದೊಳಕ್ಕೆ ಎಷ್ಟು ಇಳಿಬೀಳಬಹುದು ಎಂಬುದಕ್ಕೆ ಶಾಕ್ ಅಬ್ಸಾರ್ಬರಿನ ಉದ್ದವೇ ಗಡಿ. ಅದರ ಕೆಳಗಿನ ಕಿವಿ ಕಿತ್ತುಬಂದರೆ ಅಥವಾ ಬೇರೆ ಗಾಡಿಯ ಉದ್ದನೆಯದನ್ನು ತಂದು ಹಾಕಿದ್ದರೆ ಗಾಲಿ ಗಡಿ ದಾಟಿ ಇಳಿಯುತ್ತದೆ, ಸುರುಳಿ ಸಡಿಲಾಗಿ ಬಟ್ಟಲು ಬಿಡುತ್ತದೆ. 2020ರ ನಂತರದ ಥಾರ್‌ನಲ್ಲಿ ಸುರುಳಿ ಶಾಕ್ ಅಬ್ಸಾರ್ಬರಿನ ಮೈಮೇಲೇ ಕೂತಿರುವುದರಿಂದ ಈ ತೊಂದರೆ ಇಲ್ಲ. ಬದಲಿಗೆ ಬಿಚ್ಚುವುದು ಅಪಾಯದ ಕೆಲಸ.

ಬದಲಾವಣೆ

ಪಟ್ಟಿ ಸ್ಪ್ರಿಂಗು ಸೋತರೆ ಪಟ್ಟಿಗಳನ್ನು ಬಿಚ್ಚಿ, ಬಡಿದು ಬಾಗಿಸಿ, ಒಂದು ಪಟ್ಟಿ ಹೆಚ್ಚಿಗೆ ಸೇರಿಸಿ ಕೊಡುವ ಕುಶಲಿಗರು ಹೆದ್ದಾರಿಯ ಊರುಗಳಲ್ಲಿದ್ದಾರೆ. ಅದೇ ಕೈಚಳಕವನ್ನು ಸುರುಳಿಯ ಮೇಲೆ ಪ್ರಯೋಗಿಸಿದಾಗ ಕೆಡುಕಾಗುತ್ತದೆ. ಗ್ಯಾಸ್ ಉರಿಯಿಂದ ಕಾಯಿಸಿ ಎಳೆದ ಸುರುಳಿ ಒಂದೆರಡು ವಾರ ಎತ್ತರ ನಿಂತು ಮತ್ತೆ ಕುಸಿಯುತ್ತದೆ, ಏಕೆಂದರೆ ಕಾರ್ಖಾನೆಯಲ್ಲಿ ಕೊಟ್ಟ ಹದ ಆ ಜಾಗದಲ್ಲಿ ಹೋಗಿರುತ್ತದೆ. ಸಣ್ಣ ಉಕ್ಕಿನ ಗುಂಡುಗಳಿಂದ ಮೇಲ್ಮೈಯನ್ನು ಬಡಿದು ಬಿರುಕು ತಡೆಯುವಂತೆ ಮಾಡಿದ ಸಂಸ್ಕಾರವೂ ಅಷ್ಟಕ್ಕೇ ಮುಗಿಯಿತು. ಬೆಸುಗೆ ಹಾಕುವುದಂತೂ ಕೂಡದು. ಒಂದು ಸುತ್ತು ಕತ್ತರಿಸಿದರೆ ಬಿಗಿ ಹೆಚ್ಚುತ್ತದೆ ಎಂಬುದು ನಿಜ, ಏಳು ಸುತ್ತಿನಲ್ಲಿ ಒಂದು ಹೋದರೆ ಶೇ 17ರಷ್ಟು; ಆದರೆ ಗಾಡಿ ಇನ್ನೂ ತಗ್ಗಿ ಬಂಪ್ ಸ್ಟಾಪಿಗೆ ಹತ್ತಿರವಾಗುತ್ತದೆ.

ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರುಗಳು ಎಲ್ಲ ಬಿಡಿಭಾಗದ ಅಂಗಡಿಗಳಲ್ಲೂ ಸಿಗುತ್ತವೆ. ಅವು ಗಾಡಿಯನ್ನು ತುಸು ಎತ್ತುವುದು ಸುಳ್ಳಲ್ಲ. ಆದರೆ ಒಂದು ಸುತ್ತನ್ನು ಕೆಲಸದಿಂದ ತಪ್ಪಿಸಿ ಅದರ ಪಾಲಿನ ತಿರುಚನ್ನು ಉಳಿದ ಸುತ್ತುಗಳಿಗೆ ಹಂಚುತ್ತವೆ, ರಬ್ಬರಿನ ಅಡಿಯಲ್ಲಿ ಎರೆಮಣ್ಣು ಸೇರಿಕೊಂಡು ಲೇಪವನ್ನು ಕೆರೆಯುತ್ತದೆ. ಪಟ್ಟಣದ ಸ್ಪೀಡ್ ಬ್ರೇಕರಿಗಾಗಿ ಹುಟ್ಟಿದ ವಸ್ತು ಇದು. ರಾಡಿಯ ದಾರಿಗೆ ಹೇಳಿದ್ದಲ್ಲ.

ಸುರುಳಿಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಒಂದೇ ಗಾಡಿಯ ಬೇರೆ ಬೇರೆ ಮಾದರಿಗಳಿಗೆ ಬೇರೆ ಬಿಗಿಯ ಸುರುಳಿಗಳಿದ್ದು, ತಂತಿಯ ಮೇಲಿನ ಬಣ್ಣದ ಗುರುತು ಅವನ್ನು ತಿಳಿಸುತ್ತದೆ. ಹಳೆಯದರ ಗುರುತು ಅಳಿಸಿದ್ದರೆ ಚಾಸಿ ಸಂಖ್ಯೆ ಕೊಟ್ಟು ತರಿಸುವುದು ಒಳ್ಳೆಯದು. ಸುರುಳಿ ಬೇರೆಯಾಗಿರುವ ಗಾಡಿಯಲ್ಲಿ ಚಾಸಿಯನ್ನು ಎರಡೂ ಬದಿ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಕ್ಸಲ್ಲಿಗೆ ಜಾಕ್ ಕೊಟ್ಟು, ಶಾಕ್ ಅಬ್ಸಾರ್ಬರಿನ ಕೆಳ ಬೋಲ್ಟು ಬಿಚ್ಚಿ ಆಕ್ಸಲ್ಲನ್ನು ಮೆಲ್ಲಗೆ ಇಳಿಸಿದರೆ ಸುರುಳಿ ಕೈಗೆ ಬರುತ್ತದೆ. ಬ್ರೇಕಿನ ರಬ್ಬರ್ ಪೈಪು, ಎಬಿಎಸ್ ತಂತಿ, ಹ್ಯಾಂಡ್ ಬ್ರೇಕ್ ಕೇಬಲ್ಲು ಎಳೆದುಕೊಳ್ಳದಂತೆ ಒಬ್ಬರು ಕಾಯುತ್ತಿರಬೇಕು. ಶಾಕ್ ಅಬ್ಸಾರ್ಬರಿನ ಮೇಲೇ ಕೂತ ಸುರುಳಿಗೆ ಅದುಮುವ ಉಪಕರಣ ಬೇಕೇ ಬೇಕು. ಮೇಲೆ ಹೇಳಿದ ಮಾದರಿ ಸುರುಳಿಯನ್ನು 150 ಮಿ.ಮೀ. ಅದುಮಿದರೆ ಅದರಲ್ಲಿ ಸುಮಾರು 337 ಜೌಲ್ ಶಕ್ತಿ ತುಂಬಿರುತ್ತದೆ. ಹತ್ತು ಕಿಲೋ ಕಲ್ಲು ಮೂರೂವರೆ ಮೀಟರ್ ಎತ್ತರದಿಂದ ಬಿದ್ದಷ್ಟು. ಹಗ್ಗ, ತಂತಿ ಸುತ್ತಿ ಈ ಕೆಲಸ ಮಾಡುವವರ ಬಳಿ ನಿಲ್ಲಬಾರದು.

ಕೂಡಿಸುವಾಗ ಸುರುಳಿಯ ಕೆಳತುದಿ ಬಟ್ಟಲಿನ ಮೆಟ್ಟಿಲಿಗೆ ತಾಗಿ ಕೂರಬೇಕು. ಕಾಲು ಸುತ್ತು ತಪ್ಪಿ ಕೂತರೂ ಆ ಬದಿ ಎತ್ತರವಾಗಿ, ಹೊಸ ಸ್ಪ್ರಿಂಗೇ ಸರಿಯಿಲ್ಲವೆಂಬ ಹೊಸ ದೂರು ಹುಟ್ಟುತ್ತದೆ. ತೋಳುಗಳ ಬೋಲ್ಟನ್ನು ಸಡಿಲ ಮಾಡಿದ್ದರೆ ಗಾಡಿ ನೆಲಕ್ಕಿಳಿದು ತನ್ನ ಎತ್ತರಕ್ಕೆ ನಿಂತ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ಗಾಲಿ ಜೋತಾಡುವಾಗ ಬಿಗಿದರೆ ರಬ್ಬರ್ ಬುಷ್ಷು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಈ ಒಂದು ಸಣ್ಣ ಕೆಲಸವನ್ನು ಅವಸರದ ಗ್ಯಾರೇಜುಗಳು ಬಿಟ್ಟುಬಿಡುತ್ತವೆ.

ಹೊರೆಗಾಗಿ ಹೆಚ್ಚು ಬಿಗಿಯ ಸುರುಳಿ ಹಾಕಿಸಿಕೊಳ್ಳುವವರು ಎರಡು ಮಾತು ತಿಳಿದಿರಬೇಕು. ಖಾಲಿ ಓಡುವಾಗ ಹಿಂದಿನ ಗಾಲಿ ನೆಲ ಬಿಟ್ಟು ಪುಟಿಯುತ್ತದೆ, ಗರಸಿನ ದಾರಿಯ ತಿರುವಿನಲ್ಲಿ ಹಿಂಬದಿ ಜಾರುತ್ತದೆ. ಎರಡನೆಯದು ಬ್ರೇಕಿಗೆ ಸಂಬಂಧಿಸಿದ್ದು. ಹಲವು ಗಾಡಿಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್ಲಿಗೂ ಇರುವ ಅಂತರ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ಕವಾಟವಿದೆ. ಗಾಡಿ ಎತ್ತರವಾದರೆ ಆ ಕವಾಟ ಹೊರೆ ಇಲ್ಲವೆಂದುಕೊಂಡು ಹಿಂದಿನ ಬ್ರೇಕನ್ನು ಮೆತ್ತಗೆ ಮಾಡುತ್ತದೆ, ಹೊರೆ ತುಂಬಿರುವಾಗಲೇ. ಎತ್ತರ ಬದಲಾದಲ್ಲಿ ಕವಾಟದ ಕೊಂಡಿಯನ್ನೂ ಹೆಡ್‌ಲೈಟಿನ ಕೋನವನ್ನೂ ಸರಿಪಡಿಸದೆ ಬಿಡುವಂತಿಲ್ಲ. ಕಾನೂನಿನ ತೊಡಕು ಬೇರೆ: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.

ನೆರೆಯ ನಂತರ

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತ್ತು. ಹಾಗೆ ನೀರಿನಲ್ಲಿ ನಿಂತ ಗಾಡಿಯ ಹಿಂಬದಿಯಲ್ಲಿ ಸುರುಳಿಗಿಂತ ಮೊದಲು ನೋಡಬೇಕಾದದ್ದು ಆಕ್ಸಲ್. ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಉಸಿರಾಟದ ಕೊಳವೆಯಿಂದಲೋ ಸೀಲಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಡಿಫರೆನ್ಷಿಯಲ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸದೆ ಬದಲಿಸಬೇಕು. ಬಳಿಕ ಬ್ರೇಕಿನ ಡ್ರಮ್ಮಿನಲ್ಲಿ ಕೂತ ಹೂಳು, ಗಾಲಿಯ ಬೇರಿಂಗು. ಅದಾದ ಮೇಲೆ ಸುರುಳಿಯ ಮೇಲ್ಬಟ್ಟಲು: ಮೇಲಿನ ರಬ್ಬರ್ ಹಾಸಿನ ಮೇಲೆ ಕೂತ ನೆರೆಯ ಹೂಳಿಗೆ ಹೊರಬೀಳಲು ದಾರಿಯಿಲ್ಲದ ಕಾರಣ ತುಕ್ಕು ಅಲ್ಲಿ ಕೆಳಗಿಗಿಂತ ಮೊದಲೇ ಹಿಡಿಯಬಹುದು. ಹಾಸನ್ನು ಬಿಡಿಸಿ ತೊಳೆದು, ಲೇಪ ಎದ್ದ ಕಡೆ ಉಜ್ಜಿ, ತುಕ್ಕುನಿರೋಧಕ ಪ್ರೈಮರ್ ಹಚ್ಚಿ ಕೂಡಿಸಬೇಕು. ತಂತಿಯಲ್ಲಿ ಉಗುರಿಗೆ ಸಿಗುವಷ್ಟು ಆಳದ ಕುಳಿಗಳಿದ್ದರೆ ಬಣ್ಣ ಹಚ್ಚಿ ಪ್ರಯೋಜನವಿಲ್ಲ, ಜೋಡಿಯನ್ನೇ ಬದಲಿಸಬೇಕು.